ಮನೆಯ ಲೆಕ್ಕ, ಸರ್ಕಾರದ ಸಾಲ: ನರಗುಂದದಿಂದ ನೋಡಿದಾಗ

ರಾಜ್ಯ ಬಜೆಟ್ ಮಂಡನೆಯಾದ ಮರುದಿನ ಪತ್ರಿಕೆಗಳಲ್ಲಿ ತಪ್ಪದೆ ಬರುವ ಒಂದು ಲೆಕ್ಕವಿದೆ. ರಾಜ್ಯದ ಒಟ್ಟು ಸಾಲವನ್ನು ಜನಸಂಖ್ಯೆಯಿಂದ ಭಾಗಿಸಿ ‘ಪ್ರತಿಯೊಬ್ಬ ಕನ್ನಡಿಗನ ತಲೆಯ ಮೇಲೆ ಇಷ್ಟು ಸಾಲ’ ಎಂದು ದಪ್ಪಕ್ಷರದಲ್ಲಿ ಹಾಕುತ್ತಾರೆ. 2025-26ರ ಬಜೆಟ್ ಅಂದಾಜಿನಂತೆ ವರ್ಷದ ಕೊನೆಗೆ ಕರ್ನಾಟಕದ ಒಟ್ಟು ಹೊಣೆಗಾರಿಕೆ 7,64,655 ಕೋಟಿ ರೂಪಾಯಿ. ಸುಮಾರು ಏಳು ಕೋಟಿ ಜನರಿಗೆ ಹಂಚಿದರೆ ತಲೆಗೆ ಒಂದು ಲಕ್ಷದ ಒಂಬತ್ತು ಸಾವಿರದಷ್ಟಾಗುತ್ತದೆ. ನರಗುಂದದ ಚಹಾದಂಗಡಿಯಲ್ಲಿ ಈ ಸುದ್ದಿ ಓದಿದವರ ಬಾಯಲ್ಲಿ ಮೊದಲು ಬರುವ ಮಾತು ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬುದು. ಇದಕ್ಕೆ ಅರ್ಥಶಾಸ್ತ್ರ ಓದಿದವರ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ಸರ್ಕಾರ ಅಂದರೆ ಮನೆಯಲ್ಲ, ಮನೆಯ ನೀತಿಯನ್ನು ಖಜಾನೆಗೆ ಹಚ್ಚಬೇಡಿ.

ಈ ವಾದ ಹಳೆಯದು, ಜಗತ್ತಿನ ಎಲ್ಲ ಕಡೆಯೂ ನಡೆದಿದೆ. ಬ್ರಿಟನ್ನಿನಲ್ಲಿ ಮಾರ್ಗರೆಟ್ ಥ್ಯಾಚರ್ ದೇಶದ ಹಣಕಾಸನ್ನು ಗೃಹಿಣಿಯ ಲೆಕ್ಕದಿಂದ ವಿವರಿಸುತ್ತಿದ್ದರು. 2008ರ ಕೊನೆಯಲ್ಲಿ ಬ್ಯಾಂಕುಗಳು ಕುಸಿಯುತ್ತಿದ್ದಾಗ ಜರ್ಮನಿಯ ಏಂಜೆಲಾ ಮರ್ಕೆಲ್, ಸ್ವಾಬಿಯಾ ಸೀಮೆಯ ಗೃಹಿಣಿಯನ್ನು ಕೇಳಿದ್ದರೆ ಗಳಿಕೆ ಮೀರಿ ಬದುಕಬಾರದೆಂದು ಆಕೆಯೇ ಹೇಳುತ್ತಿದ್ದಳು ಎಂದರು. ಅತ್ತ ಅರ್ಥಶಾಸ್ತ್ರಜ್ಞ ಕೇನ್ಸ್ ತಮ್ಮ 1936ರ ಗ್ರಂಥದಿಂದಲೇ ಇದಕ್ಕೆ ಎದುರುವಾದ ಹೂಡಿದ್ದರು. ನನಗೆ ಅನ್ನಿಸುವುದು ಇಷ್ಟು: ಈ ಎರಡೂ ಪಕ್ಷದವರು ಸರ್ಕಾರದ ಬಗ್ಗೆ ಬಹಳ ಯೋಚಿಸಿದ್ದಾರೆ, ಮನೆಯ ಬಗ್ಗೆ ಕಡಿಮೆ. ಮಿತವ್ಯಯದ ಮನೆ ಅಂದರೆ ಸಾಲವೇ ಇಲ್ಲದ ಮನೆ ಎಂದು ಇಬ್ಬರೂ ಹಿಡಿದುಕೊಂಡಿದ್ದಾರೆ. ನರಗುಂದದ ಎರೆಭೂಮಿಯಲ್ಲಿ ಅಂಥ ಮನೆ ಎಂದೂ ಇರಲಿಲ್ಲ.

ಇಲ್ಲಿನ ಮಿತವ್ಯಯ ಹೇಗಿತ್ತು ಎಂಬುದನ್ನು ನೋಡಲು ಹಗೇವಿನಿಂದ ಆರಂಭಿಸಬೇಕು. ಗದಗ, ಧಾರವಾಡ, ವಿಜಯಪುರ ಸೀಮೆಯ ಹಳೆಯ ಊರುಗಳಲ್ಲಿ ಮನೆಯ ಪಡಸಾಲೆಯಲ್ಲೋ ಅಂಗಳದಲ್ಲೋ ಓಣಿಯ ಬದಿಗೋ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿಯ, ಒಳಗೆ ಅಗಲವಾಗುವ ನೆಲದಡಿಯ ಕಣಜ ಅದು. ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ಒಳಗೋಡೆಗೆ ಹುಲ್ಲು ಒತ್ತಿ, ಜೋಳ ಸುರಿದು, ಮೇಲೆ ಮತ್ತೆ ಹುಲ್ಲು ಹಾಸಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಡುತ್ತಿದ್ದರು. ಗಾಳಿ, ನೀರು ತಾಗದಿದ್ದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವಾಗ ಅವಸರ ಮಾಡುವಂತಿಲ್ಲ. ಕಲ್ಲು ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯಬೇಕು. ಆ ಪರೀಕ್ಷೆ ಮಾಡದೆ ಇಳಿದು ಜೀವ ಬಿಟ್ಟವರೂ ಉಂಟು.

ಹಗೇವು ತೆಗೆಯುವ ತೀರ್ಮಾನ ಮನೆಯ ದೊಡ್ಡ ತೀರ್ಮಾನ. ಸುಗ್ಗಿ ಚೆನ್ನಾಗಿದ್ದ ವರ್ಷ ಅದನ್ನು ಮುಟ್ಟುತ್ತಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಮುಟ್ಟದೆ ಇರುತ್ತಿರಲಿಲ್ಲ. ಮನೆಯ ಮಿತವ್ಯಯವೆಂದರೆ ಯಾವಾಗಲೂ ಕೈ ಬಿಗಿ ಹಿಡಿಯುವುದಲ್ಲ, ಕೈ ಬಿಚ್ಚಬೇಕಾದ ವರ್ಷವನ್ನು ಗುರುತಿಸುವುದು. ಕೇನ್ಸ್ ಸರ್ಕಾರಗಳಿಗೆ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: ಸುಗ್ಗಿಯಲ್ಲಿ ಕೂಡಿಡಿ, ಬರದಲ್ಲಿ ಖರ್ಚು ಮಾಡಿ. ನಮ್ಮ ಸರ್ಕಾರಗಳು ಈ ಮಾತಿನ ಎರಡನೆಯ ಅರ್ಧವನ್ನಷ್ಟೇ ಕೇಳಿಸಿಕೊಂಡವು ಎಂಬುದು ಬೇರೆ ವಿಷಯ.

ಹಗೇವಿನ ಜೊತೆಗೆ ಸಣ್ಣಪುಟ್ಟ ಮಿತವ್ಯಯ ನೂರಿತ್ತು. ಹರಿದ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದ ಕೌದಿ, ಬೇಸಿಗೆಯ ಶಾವಿಗೆ ಸಂಡಿಗೆ, ಒಲೆಗೆ ಹತ್ತಿಕಟ್ಟಿಗೆ, ಸಾಸಿವೆ ಡಬ್ಬಿಯ ತಳದ ನೋಟು. ಈ ಪಟ್ಟಿ ಬೆಳೆಸುವುದು ಬೇಡ. ಹಳೆಯ ದಿನಗಳ ಬಡತನವನ್ನು ಗುಣವೆಂದು ಹಾಡಿಹೊಗಳುವ ಚಾಳಿ ನಮ್ಮಲ್ಲಿ ಈಗಾಗಲೇ ಸಾಕಷ್ಟಿದೆ. ಈ ಮಿತವ್ಯಯದ ಭಾರದಲ್ಲಿ ಹೆಚ್ಚಿನದನ್ನು ಹೊತ್ತವರು ಹೆಂಗಸರು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಂಡವರು. ‘ಬಿಗಿ ಬಜೆಟ್’ ಎಂದಾಗಲೂ ಮನೆಯಲ್ಲಿ ಯಾರ ತಟ್ಟೆಯ ರೊಟ್ಟಿ ಕಡಿಮೆಯಾಗುತ್ತದೆ ಎಂದು ಕೇಳಬೇಕಾಗುತ್ತದೆ. ಸರ್ಕಾರದ ಬಿಗಿ ಬಜೆಟ್‌ಗೂ ಅದೇ ಪ್ರಶ್ನೆ ಅನ್ವಯಿಸುತ್ತದೆ.

ಇಷ್ಟೆಲ್ಲ ಉಳಿಸಿದ ಮನೆಯೂ ಸಾಲದಲ್ಲಿರುತ್ತಿತ್ತು. ಮುಂಗಾರಿಗೆ ಬೀಜ, ಗೊಬ್ಬರಕ್ಕೆ ದಲಾಲಿ ಅಂಗಡಿಯಲ್ಲಿ ಉದ್ರಿ. ಬೆಳೆದ ಹೆಸರು, ಹತ್ತಿ, ಕಡಲೆ ಅದೇ ಅಂಗಡಿಗೆ. ತೂಕ, ದಲಾಲಿ, ಹಮಾಲಿ, ಬಡ್ಡಿ ಎಲ್ಲ ಕಳೆದು ಉಳಿದದ್ದು ಕೈಗೆ. ನೆರೆಹೊರೆಯಲ್ಲಿ ಬಡ್ಡಿಯಿಲ್ಲದ ಕೈಗಡ, ಸಂಘದ ಸಾಲ, ಬ್ಯಾಂಕಿನಲ್ಲಿ ಬಂಗಾರದ ಮೇಲಿನ ಸಾಲ. ಮನೆಯ ಹಿರಿಯರು ಸಾಲವೇ ಬೇಡ ಎನ್ನುತ್ತಿರಲಿಲ್ಲ. ಸಾಲಗಳಲ್ಲಿ ಭೇದ ಮಾಡುತ್ತಿದ್ದರು. ‘ಹೊಲಕ್ಕ ಮಾಡಿದ ಸಾಲ ಹೊಲಾನ ತೀರಸತೈತಿ, ಮದಿವಿಗೆ ಮಾಡಿದ ಸಾಲ ಹೊಲಾನ ನುಂಗತೈತಿ’ ಎನ್ನುವ ಅಜ್ಜಿಗೆ ಬಂಡವಾಳ ವೆಚ್ಚ, ರಾಜಸ್ವ ವೆಚ್ಚ ಎಂಬ ಹೆಸರು ಗೊತ್ತಿಲ್ಲದಿದ್ದರೂ ವ್ಯತ್ಯಾಸ ಗೊತ್ತಿತ್ತು.

ಆದರೆ ಹೊಲಕ್ಕೆ ಮಾಡಿದ ಸಾಲವನ್ನು ಹೊಲ ಯಾವಾಗಲೂ ತೀರಿಸುತ್ತದೆಯೇ? 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಕಂಡರಿಯದ ಧಾರಣೆ ಬಂತು. ಹಣ ಓಡಾಡಿತು, ಸಾಲ ಸಲೀಸಾಯಿತು. ಯುದ್ಧ ಮುಗಿಯಿತು, ಧಾರಣೆ ಬಿತ್ತು, ಸಾಲ ಉಳಿಯಿತು. ಮುಂಬೈ ಇಲಾಖೆಯ ಪುಣೆ, ಅಹಮದ್‌ನಗರ ಭಾಗದಲ್ಲಿ 1875ರಲ್ಲಿ ರೈತರು ಸಾಹುಕಾರರ ಸಾಲಪತ್ರಗಳನ್ನು ಸುಟ್ಟ ದಂಗೆಗೆ ಇದೂ ಒಂದು ಕಾರಣ. ಅದಾದ ಮರುವರ್ಷದಿಂದಲೇ 1876-78ರ ಬರ ಈ ಸೀಮೆಯನ್ನೆಲ್ಲ ಕಾಡಿತು.

ಈ ಕಷ್ಟದ ನೆನಪಿನಿಂದಲೇ ನಮ್ಮ ಗದಗ ಜಿಲ್ಲೆಯಲ್ಲೇ ಒಂದು ದಾರಿ ತೆರೆಯಿತು. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವನ್ನು ಏಷ್ಯಾದಲ್ಲೇ ಮೊದಲನೆಯದೆಂದು ಗುರುತಿಸುತ್ತಾರೆ. ಅದಕ್ಕೆ ಹಿಂದಿನ ವರ್ಷ, 1904ರಲ್ಲಿ, ಬಂದ ಸಹಕಾರ ಕಾಯ್ದೆಯಲ್ಲಿ ಗ್ರಾಮೀಣ ಸಂಘಗಳಿಗೆ ಅಪರಿಮಿತ ಹೊಣೆಗಾರಿಕೆ ಎಂಬ ನಿಯಮವಿತ್ತು. ಒಬ್ಬ ಸದಸ್ಯ ಸಾಲ ಮುಳುಗಿಸಿದರೆ ಉಳಿದವರೆಲ್ಲ ತಮ್ಮ ಆಸ್ತಿಯಿಂದಲೂ ತುಂಬಿಕೊಡಬೇಕು. ಹಾಗಾಗಿ ಯಾರು ಯಾತಕ್ಕೆ ಸಾಲ ಕೇಳುತ್ತಿದ್ದಾರೆ, ಬಾವಿ ತೋಡಿಸಲೋ ಬೀಗರಿಗೆ ಊಟ ಹಾಕಲೋ ಎಂಬುದನ್ನು ಊರವರು ಕಣ್ಣಿಟ್ಟು ನೋಡುತ್ತಿದ್ದರು. ಸರ್ಕಾರದ ಸಾಲಕ್ಕೂ ನಾವೆಲ್ಲ ಅಪರಿಮಿತ ಹೊಣೆಗಾರರೇ. ವ್ಯತ್ಯಾಸವೆಂದರೆ ಇಲ್ಲಿ ಯಾರೂ ನಮ್ಮನ್ನು ಸಭೆಗೆ ಕರೆದು ಯಾತಕ್ಕೆ ಸಾಲ ಎಂದು ಹೇಳುವುದಿಲ್ಲ.

ಈಗ ‘ಸರ್ಕಾರ ಮನೆಯಲ್ಲ’ ಎನ್ನುವವರ ಮಾತಿಗೆ ಬರೋಣ. ಅವರ ವಾದದಲ್ಲಿ ಮೂರು ಎಳೆಗಳಿವೆ. ಮೊದಲನೆಯದು: ಮನೆಯ ಯಜಮಾನನಿಗೆ ವಯಸ್ಸಾಗುತ್ತದೆ, ದುಡಿಮೆ ನಿಲ್ಲುತ್ತದೆ, ಅಷ್ಟರೊಳಗೆ ಸಾಲ ತೀರಬೇಕು. ಸರ್ಕಾರಕ್ಕೆ ಮುಪ್ಪಿಲ್ಲ, ಹಳೆಯ ಸಾಲವನ್ನು ಹೊಸ ಸಾಲದಿಂದ ತೀರಿಸುತ್ತ ಹೋಗಬಹುದು. ನಾಡಿನ ಉತ್ಪನ್ನ ಬಡ್ಡಿಯ ದರಕ್ಕಿಂತ ವೇಗವಾಗಿ ಬೆಳೆಯುತ್ತಿದ್ದರೆ ಸಾಲದ ಭಾರ ತಾನೇ ಇಳಿಯುತ್ತ ಹೋಗುತ್ತದೆ. ಇದು ಸರಿಯಾದ ಮಾತೇ, ಬೆಳವಣಿಗೆ ನಡೆಯುತ್ತಿರುವವರೆಗೆ.

ಎರಡನೆಯದು ನನಗೆ ಹೆಚ್ಚು ಹಿಡಿಸಿದ ಎಳೆ. ಒಬ್ಬರ ಉಳಿತಾಯ ಇನ್ನೊಬ್ಬರ ಸಾಲ. ನರಗುಂದದ ಅಂಚೆ ಕಚೇರಿಯಲ್ಲಿ ಒಬ್ಬ ತಾಯಿ ಮಗಳ ಮದುವೆಗೆಂದು ತಿಂಗಳು ತಿಂಗಳು ಕಟ್ಟುವ ಆರ್‌.ಡಿ. ಹಣ ಕಪಾಟಿನಲ್ಲಿ ಕೂರುವುದಿಲ್ಲ. 1999ರ ಏಪ್ರಿಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಸಣ್ಣ ಉಳಿತಾಯ ನಿಧಿಯ ಮೂಲಕ ಅದು ಬಹಳ ವರ್ಷ ರಾಜ್ಯ ಸರ್ಕಾರಗಳಿಗೆ ಸಾಲವಾಗಿ ಹೋಗುತ್ತಿತ್ತು. 14ನೇ ಹಣಕಾಸು ಆಯೋಗದ ಶಿಫಾರಸಿನ ನಂತರ ಕರ್ನಾಟಕವೂ ಸೇರಿ ಹೆಚ್ಚಿನ ರಾಜ್ಯಗಳು ಅದರಿಂದ ಹೊರಬಂದವು. ಈಗ ರಾಜ್ಯಗಳು ಮುಖ್ಯವಾಗಿ ರಿಸರ್ವ್ ಬ್ಯಾಂಕ್ ನಡೆಸುವ ಹರಾಜಿನಲ್ಲಿ ಸಾಲಪತ್ರ ಮಾರುತ್ತವೆ. ಅವನ್ನು ಕೊಳ್ಳುವವರು ಬ್ಯಾಂಕುಗಳು, ವಿಮಾ ಕಂಪನಿಗಳು, ಭವಿಷ್ಯನಿಧಿಗಳು. ಅಂದರೆ ಮತ್ತೆ ನಮ್ಮದೇ ಠೇವಣಿ, ನಮ್ಮದೇ ಪಾಲಿಸಿ. ತಲೆಗೆ ಒಂದು ಲಕ್ಷ ಸಾಲ ಎಂದು ಬರೆಯುವ ಪತ್ರಿಕೆ, ಆ ಸಾಲಪತ್ರ ಯಾರದೋ ತಲೆಯ ಉಳಿತಾಯವೂ ಹೌದು ಎಂದು ಬರೆಯುವುದಿಲ್ಲ. ಹಾಗೆಂದು ಸಮಾಧಾನಪಡುವಂತೆಯೂ ಇಲ್ಲ. ಬಡ್ಡಿ ಪಡೆಯುವವರು ಉಳಿತಾಯವಿದ್ದವರು. ಬಡ್ಡಿ ತುಂಬುವುದು ಸೋಪು, ಡೀಸೆಲ್ ಮೇಲೆ ತೆರಿಗೆ ಕೊಡುವ ಎಲ್ಲರೂ. ಉಳಿತಾಯವೇ ಇಲ್ಲದ ಕೂಲಿಕಾರಳಿಗೆ ‘ನಮಗೆ ನಾವೇ ಕೊಡಬೇಕಾದ ಸಾಲ’ ಎಂಬ ಮಾತು ಏನೂ ಕೊಡುವುದಿಲ್ಲ.

ಮೂರನೆಯದು ನೋಟು ಅಚ್ಚು ಹಾಕುವ ಅಧಿಕಾರ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ತನ್ನದೇ ನಾಣ್ಯದಲ್ಲಿ ಸಾಲ ಮಾಡಿದ ದೇಶ ಆ ಸಾಲಕ್ಕೆ ದಿವಾಳಿಯೇಳಬೇಕಾಗಿಲ್ಲ. ಜಪಾನ್ ತನ್ನ ವಾರ್ಷಿಕ ಉತ್ಪನ್ನದ ಎರಡು ಪಟ್ಟಿಗೂ ಮೀರಿದ ಸಾಲ ಹೊತ್ತು ನಿಂತಿದೆ. ಪರದೇಶದ ಹಣದಲ್ಲಿ ಸಾಲ ಮಾಡಿದ ಶ್ರೀಲಂಕಾ 2022ರ ಏಪ್ರಿಲ್‌ನಲ್ಲಿ ಕೈಚೆಲ್ಲಿತು. ಭಾರತಕ್ಕೂ ಆ ಬಿಸಿ ತಟ್ಟಿದ್ದುಂಟು. 1991ರಲ್ಲಿ ಡಾಲರ್ ಸಾಕಾಗದಾಗ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಬಂಗಾರವನ್ನು ಹೊರದೇಶಕ್ಕೆ ಸಾಗಿಸಿ ಅಡವಿಟ್ಟಿತು. ಮಗಳ ಬಳೆ ಅಡವಿಟ್ಟು ಬಲ್ಲ ನಮ್ಮ ಕಡೆಯ ಜನಕ್ಕೆ ಆ ಸುದ್ದಿಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇನ್ನು ರಾಜ್ಯ ಸರ್ಕಾರಕ್ಕಂತೂ ನೋಟು ಅಚ್ಚು ಹಾಕುವ ಅಧಿಕಾರವೇ ಇಲ್ಲ. ಸಂವಿಧಾನದ 293ನೇ ವಿಧಿಯಂತೆ ಅದು ದೇಶದೊಳಗೆ ಮಾತ್ರ ಸಾಲ ಎತ್ತಬಹುದು. ಕೇಂದ್ರದ ಸಾಲ ಬಾಕಿಯಿದ್ದರೆ ಕೇಂದ್ರದ ಒಪ್ಪಿಗೆ ಬೇಕು. ಆದಾಯವೂ ಪೂರ್ತಿ ತನ್ನ ಕೈಯಲ್ಲಿಲ್ಲ. 15ನೇ ಹಣಕಾಸು ಆಯೋಗ ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲನ್ನು ಶೇ 4.713ರಿಂದ ಶೇ 3.647ಕ್ಕೆ ಇಳಿಸಿದಾಗ ಬೆಂಗಳೂರು ಪ್ರತಿಭಟಿಸಿತೇ ಹೊರತು ಬೇರೇನೂ ಮಾಡಲಾಗಲಿಲ್ಲ. ದೆಹಲಿಯ ಸರ್ಕಾರ ಮನೆಯಂತಲ್ಲ ಎಂಬುದು ಎಷ್ಟು ನಿಜವೋ ಬೆಂಗಳೂರಿನ ಸರ್ಕಾರ ಬಹುಮಟ್ಟಿಗೆ ಮನೆಯಂತೆಯೇ ಎಂಬುದೂ ಅಷ್ಟೇ ನಿಜ.

ಹಳೆಯ ಮೈಸೂರಿನಲ್ಲಿ ಇದಕ್ಕೆ ಒಂದು ಪಾಠವಿದೆ. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗ ಬರದ ಕಾಲದ 80 ಲಕ್ಷ ರೂಪಾಯಿ ಸಾಲವೂ ಜೊತೆಗೆ ಬಂತು. ದಿವಾನ್ ರಂಗಾಚಾರ್ಲು ಹುದ್ದೆಗಳನ್ನು ಕಡಿದು, ಜಿಲ್ಲೆಗಳನ್ನು ಎಂಟರಿಂದ ಆರಕ್ಕೆ ಇಳಿಸಿ ಆಡಳಿತದ ಖರ್ಚು ತಗ್ಗಿಸಿದರು. ರೈಲುಮಾರ್ಗದ ಕೆಲಸವನ್ನು ಮಾತ್ರ ನಿಲ್ಲಿಸಲಿಲ್ಲ. ಅವರ ನಂತರ ಬಂದ ಶೇಷಾದ್ರಿ ಅಯ್ಯರ್ ರೈಲಿಗೆ ಸಾಲವನ್ನೇ ಎತ್ತಿದರು. ಕೋಲಾರದ ಚಿನ್ನದ ಗಣಿಯ ರಾಜಧನವೂ ಕೈಹಿಡಿಯಿತು ಅನ್ನಿ. ಕಚೇರಿಯ ಖರ್ಚಿಗೆ ಕತ್ತರಿ, ಹಳಿಗೆ ಸಾಲ: ಅಜ್ಜಿಯ ಲೆಕ್ಕವೇ.

ಆ ಲೆಕ್ಕ ಎಲ್ಲಿ ಮುರಿದುಬೀಳುತ್ತದೆ ಎಂಬುದನ್ನು ಮಾತ್ರ ನರಗುಂದವೇ ಹೇಳಬೇಕು.

ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಸಿದ್ಧವಾಯಿತು. ಸಾಮರ್ಥ್ಯ 37.73 ಟಿಎಂಸಿ ಅಡಿ. ನರಗುಂದ, ನವಲಗುಂದ, ರೋಣದ ಒಣಭೂಮಿಗೆ ಕಾಲುವೆ ಬಂತು. ಸರ್ಕಾರದ ಕಣ್ಣಿನಲ್ಲಿ ಇದು ‘ಹೊಲಕ್ಕೆ ಮಾಡಿದ ಸಾಲ’. ಹಾಕಿದ ಹಣವನ್ನು ಹೊಲದಿಂದಲೇ ಮರಳಿ ಪಡೆಯಲು ಕಾಯ್ದೆಯೂ ಇತ್ತು. ನೀರು ಬಂದ ಮೇಲೆ ಭೂಮಿಯ ಬೆಲೆ ಏರುತ್ತದೆ, ಆ ಏರಿಕೆಯಲ್ಲಿ ಒಂದು ಪಾಲು ಸರ್ಕಾರಕ್ಕೆ ಸಲ್ಲಬೇಕು ಎಂಬ ಅಭಿವೃದ್ಧಿ ಕರ, ಅದರ ಮೇಲೆ ನೀರಿನ ಕರ. ತತ್ವದಲ್ಲಿ ಇದರಲ್ಲಿ ಅನ್ಯಾಯವೇನೂ ಇಲ್ಲವೆಂದೇ ನನ್ನ ಅಭಿಪ್ರಾಯ. ಎಲ್ಲರ ತೆರಿಗೆಯಿಂದ ಕಟ್ಟಿದ ಕಾಲುವೆಯಿಂದ ಒಬ್ಬರ ಹೊಲದ ಬೆಲೆ ನಾಲ್ಕು ಪಟ್ಟಾದರೆ ಅವರು ಸ್ವಲ್ಪ ಕೊಡುವುದು ನ್ಯಾಯ.

ನೆಲದ ಮೇಲೆ ನಡೆದದ್ದು ಬೇರೆ. ನೀರು ಕಾಗದದಲ್ಲಿ ತಲುಪಿದ ಎಷ್ಟೋ ಹೊಲಗಳಿಗೆ ಕಾಲುವೆಯಲ್ಲಿ ತಲುಪಲಿಲ್ಲ, ಕೊನೆಯ ಹೊಲಗಳಿಗಂತೂ ದೂರವೇ ಉಳಿಯಿತು. ನೀರು ಹೆಚ್ಚಾಗಿ ನಿಂತ ಎರೆಭೂಮಿ ಕೆಲವೆಡೆ ಸವಳು-ಜವಳಾಯಿತು. ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು 1972ರಲ್ಲಿ ರೂಪಿಸಿದ ವರಲಕ್ಷ್ಮಿ ಹೈಬ್ರಿಡ್ ಹತ್ತಿಯನ್ನು ನಂಬಿ ರೈತರು ಬೀಜ, ಗೊಬ್ಬರ, ಔಷಧಕ್ಕೆ ಸಾಲ ಮಾಡಿದ್ದರು. ದಶಕದ ಕೊನೆಗೆ ಹತ್ತಿಯ ಧಾರಣೆ ಬಿತ್ತು. 1865ರ ಕಥೆ ಮತ್ತೊಮ್ಮೆ ನಡೆಯಿತು. ಈ ಸಲ ವಸೂಲಿಗೆ ಬಂದವರಲ್ಲಿ ಸರ್ಕಾರವೂ ಇತ್ತು.

1980ರಲ್ಲಿ ರೈತರು ಮಲಪ್ರಭಾ ನೀರಾವರಿ ಪ್ರದೇಶದ ಸಮನ್ವಯ ಸಮಿತಿ ಕಟ್ಟಿಕೊಂಡು ಕರ ಕೊಡುವುದಿಲ್ಲ ಎಂದರು. ಜುಲೈ 21ರಂದು ನರಗುಂದದ ತಹಶೀಲ್ದಾರ್ ಕಚೇರಿ ಎದುರು ಸಾವಿರಾರು ಜನ ಸೇರಿದರು. ಗೋಲಿಬಾರ್ ಆಯಿತು. ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಸತ್ತರು. ಅದೇ ದಿನ ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಸತ್ತರು. ರೊಚ್ಚಿಗೆದ್ದ ಗುಂಪಿನ ಕೈಗೆ ಸಿಕ್ಕಿ ಪೊಲೀಸರೂ ಜೀವ ಕಳೆದುಕೊಂಡರು. ಗುಂಡೂರಾವ್ ಸರ್ಕಾರ ಆಮೇಲೆ ಹಿಂದೆ ಸರಿದು ರಿಯಾಯಿತಿ ಘೋಷಿಸಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ಕಾಂಗ್ರೆಸ್ ಮೊದಲ ಸಲ ರಾಜ್ಯದ ಅಧಿಕಾರ ಕಳೆದುಕೊಂಡಿತು. ಇಂದಿಗೂ ಪ್ರತಿ ಜುಲೈ 21ರಂದು ನರಗುಂದದ ವೀರಗಲ್ಲಿಗೆ ಹಾರ ಹಾಕಲು ರೈತರು ಬರುತ್ತಾರೆ.

ಈ ಘಟನೆಯನ್ನು ರೈತ ಹೋರಾಟದ ಚರಿತ್ರೆಯಾಗಿ ಬಹಳ ಬರೆಯಲಾಗಿದೆ. ಸಾರ್ವಜನಿಕ ಸಾಲದ ಚರಿತ್ರೆಯಾಗಿಯೂ ಅದನ್ನು ಓದಬೇಕು. ಆಸ್ತಿ ಸೃಷ್ಟಿಗೆ ಮಾಡಿದ ಸಾಲವೆಲ್ಲ ಒಳ್ಳೆಯ ಸಾಲ ಎಂಬ ಪಾಠವನ್ನು ವಿತ್ತ ಪಂಡಿತರು ಹೇಳಿಕೊಡುತ್ತಾರೆ. ಮಲಪ್ರಭಾ ಯೋಜನೆ ಅದಕ್ಕೆ ತಕ್ಕ ಸಾಲವೇ ಆಗಿತ್ತು. ಆದರೂ ಸೋತಿತು. ಸೋಲಿಗೆ ಕಾರಣ ಸಾಲದ ಗಾತ್ರವಲ್ಲ. ಅಂದುಕೊಂಡಷ್ಟು ನೀರು ಬರಲಿಲ್ಲ, ಬಂದ ನೀರು ಸಮನಾಗಿ ಹಂಚಿಕೆಯಾಗಲಿಲ್ಲ, ಲಾಭ ಬಂದಿದೆಯೇ ಎಂದು ನೋಡದೆ ಲಾಭದ ಪಾಲು ಕೇಳಲಾಯಿತು. ನವಿಲುತೀರ್ಥದ ಜಲಾಶಯ ತುಂಬಿದ ವರ್ಷಗಳು ಕಡಿಮೆ. ಆ ಕೊರತೆ ತುಂಬಲೆಂದೇ ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆ ಬೇಕೆಂದು ಇದೇ ನರಗುಂದದಲ್ಲಿ 2015ರ ಜುಲೈನಿಂದ ಧರಣಿ ನಡೆಯಿತು. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಕೊಟ್ಟಿತು. ಅದರಲ್ಲಿ ಕಳಸಾ, ಬಂಡೂರಿ ಸೇರಿ ಮಲಪ್ರಭೆಗೆ ತಿರುಗಿಸಬಹುದಾದದ್ದು 3.9 ಟಿಎಂಸಿ ಅಡಿ. 37 ಟಿಎಂಸಿಯ ಪಾತ್ರೆಗೆ ಅದು ಎಷ್ಟರದು ಎಂದು ಓದುಗರೇ ನೋಡಬಹುದು.

ಇಲ್ಲಿ ಇನ್ನೊಂದು ಸಂಗತಿ ಹೇಳಲೇಬೇಕು. ಕೆಲವು ವರ್ಷಗಳಿಂದ ನರಗುಂದದ ಹಳೆಯ ಓಣಿಗಳಲ್ಲಿ ಮನೆಯೊಳಗಿನ, ರಸ್ತೆಯ ನೆಲ ಏಕಾಏಕಿ ಕುಸಿಯುವುದು ಸುದ್ದಿಯಾಗುತ್ತಿದೆ. ಏರಿದ ಅಂತರ್ಜಲ ಮತ್ತು ಮರೆತುಹೋದ ಹಳೆಯ ಹಗೇವುಗಳು, ಈ ಎರಡನ್ನೂ ಕಾರಣವೆಂದು ಹೇಳಲಾಗಿದೆ. ಹಗೇವು ಮಾಡುವಾಗ ಈ ಊರಿನ ನೆಲ ಒಣಗಿತ್ತು. ನೀರು ಬಂದ ಮೇಲೆ ನೆಲದಡಿ ಏನಿದೆ ಎಂಬ ಲೆಕ್ಕ ಯಾರ ಬಳಿಯೂ ಇರಲಿಲ್ಲ.

ಮತ್ತೆ 2025-26ರ ಬಜೆಟ್‌ಗೆ ಮರಳೋಣ. ವಿತ್ತೀಯ ಹೊಣೆಗಾರಿಕೆಗೆ ಕಾಯ್ದೆ ಮಾಡಿದ ಮೊದಲ ರಾಜ್ಯ ಕರ್ನಾಟಕ, 2002ರಲ್ಲಿ. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3 ಮೀರಬಾರದು, ಒಟ್ಟು ಹೊಣೆಗಾರಿಕೆ ಶೇ 25 ಮೀರಬಾರದು, ದಿನನಿತ್ಯದ ಖರ್ಚು ಆದಾಯದೊಳಗೇ ಇರಬೇಕು. 2004-05ರಿಂದ ಕೋವಿಡ್ ಬರುವವರೆಗೆ ಮೂರನೆಯ ನಿಯಮವನ್ನು ರಾಜ್ಯ ಪಾಲಿಸಿಕೊಂಡು ಬಂದಿತ್ತು. 2025-26ರ ಬಜೆಟ್‌ನಲ್ಲಿ ವಿತ್ತೀಯ ಕೊರತೆ ಶೇ 2.95, ಹೊಣೆಗಾರಿಕೆ ಶೇ 24.91. ಎರಡೂ ಗೆರೆಗೆ ಮೂಗು ತಾಗಿಸಿಕೊಂಡು ನಿಂತಿದ್ದವು. ಮೂರನೆಯ ಗೆರೆ ದಾಟಿಯಾಗಿತ್ತು.

ತಲೆಲೆಕ್ಕ ಬಿಟ್ಟು ಅಜ್ಜಿಯ ಲೆಕ್ಕ ಹಾಕಿ ನೋಡಿದರೆ ಚಿತ್ರ ಹೆಚ್ಚು ಸ್ಪಷ್ಟವಾಗುತ್ತದೆ. ಬಜೆಟ್ ಗಾತ್ರ 4,09,549 ಕೋಟಿ. ರಾಜಸ್ವ ಆದಾಯ 2,92,477 ಕೋಟಿ. ಎತ್ತಲು ಅಂದಾಜಿಸಿದ್ದ ಸಾಲ 1,16,000 ಕೋಟಿ. ಈ ಸಾಲ ಎಲ್ಲಿಗೆ ಹೋಗುತ್ತದೆ? 26,474 ಕೋಟಿ ಹಳೆಯ ಸಾಲದ ಅಸಲು ತೀರಿಸಲು. 19,262 ಕೋಟಿ ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿಗಳಂಥ ದಿನದ ಖರ್ಚಿನಲ್ಲಿ ಬಿದ್ದ ಕೊರತೆ ತುಂಬಲು. 71,336 ಕೋಟಿ ಬಂಡವಾಳ ವೆಚ್ಚಕ್ಕೆ. ನೂರು ರೂಪಾಯಿ ಸಾಲ ತಂದರೆ ಹಳೆಯ ಸಾಲಕ್ಕೆ 23, ಊಟಕ್ಕೆ 17, ಹೊಲಕ್ಕೆ 60 ಎಂದು ಸ್ಥೂಲವಾಗಿ ಹೇಳಬಹುದು. ಹೆದರಿಕೆ ಹುಟ್ಟಿಸುವ ಅಂಕಿ ಇದಲ್ಲ, ಹೆಮ್ಮೆಪಡುವಂಥದೂ ಅಲ್ಲ.

ಊಟದ ಆ 17 ರೂಪಾಯಿಗೆ ಗ್ಯಾರಂಟಿ ಯೋಜನೆಗಳೇ ಕಾರಣವೆಂಬ ವಾದ ಎಲ್ಲೆಡೆ ಇದೆ. ಆ ವರ್ಷ ಐದು ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ. ಅವಿಲ್ಲದಿದ್ದರೆ ಕೊರತೆ ಇರುತ್ತಿರಲಿಲ್ಲ ಎಂಬುದು ಅಂಕಗಣಿತದಲ್ಲಿ ಸರಿ. ಆದರೆ ತಿಂಗಳಿಗೆ 2,000 ರೂಪಾಯಿ ಗೃಹಲಕ್ಷ್ಮಿ ಹಣ ನರಗುಂದದ ಒಬ್ಬ ಹೆಂಗಸಿನ ಕೈಗೆ ಬಂದಾಗ ಏನಾಗುತ್ತದೆ? ಕಿರುಸಾಲ ಕಂಪನಿಯ ವಾರದ ಕಂತು ತೀರಬಹುದು. ಆ ಕಂಪನಿಗಳ ವಸೂಲಿ ಕಾಟ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಎಂಬುದನ್ನು ಮರೆಯಬಾರದು. ಸರ್ಕಾರದ ಸಾಲ ಹೆಚ್ಚಿ ಮನೆಯ ಸಾಲ ಇಳಿದರೆ ನಾಡಿನ ಒಟ್ಟು ಸಾಲ ಹೆಚ್ಚಿತೋ ಇಲ್ಲವೋ ಎಂದು ಯಾವ ಬಜೆಟ್ ಪುಸ್ತಕವೂ ಹೇಳುವುದಿಲ್ಲ. ಬೆಳೆಸಾಲ ಮನ್ನಾ ಕೂಡ ಇದೇ ಬಗೆಯದು. 2017ರಲ್ಲಿ ಸಹಕಾರ ಸಂಘಗಳ 50,000 ರೂಪಾಯಿವರೆಗಿನ ಸಾಲಕ್ಕೆ 8,165 ಕೋಟಿ, 2018ರಲ್ಲಿ ಎರಡು ಲಕ್ಷದವರೆಗಿನ ಬೆಳೆಸಾಲಕ್ಕೆ ಸುಮಾರು 34,000 ಕೋಟಿ ಘೋಷಣೆಯಾದಾಗ ಸಾಲ ಮಾಯವಾಗಲಿಲ್ಲ. ರೈತನ ಹೆಸರಿನಿಂದ ರಾಜ್ಯದ ಹೆಸರಿಗೆ ವರ್ಗವಾಯಿತು.

ಊಟ, ಹೊಲ ಎಂಬ ವಿಂಗಡಣೆಯಲ್ಲೂ ಸರ್ಕಾರದ ಪುಸ್ತಕ ಮನೆಯಷ್ಟು ಜಾಣವಲ್ಲ. ಮಾಸ್ತರರ ಸಂಬಳ ಅಲ್ಲಿ ರಾಜಸ್ವ ವೆಚ್ಚ, ಮಾಸ್ತರರಿಲ್ಲದ ಶಾಲೆಯ ಕಟ್ಟಡ ಬಂಡವಾಳ ವೆಚ್ಚ. ಹೊಸ ಕಾಲುವೆ ಆಸ್ತಿ, ಇದ್ದ ಕಾಲುವೆಯ ಹೂಳು ತೆಗೆಯುವುದು ಬರೀ ಖರ್ಚು. ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಇಂಥ ರಿಪೇರಿಗೇ. ಮಲಪ್ರಭಾ ಕಾಲುವೆಗಳು ದಶಕಗಟ್ಟಲೆ ಬಿರುಕುಬಿಟ್ಟು, ಕೊನೆಗೆ ಆಧುನೀಕರಣದ ಹೆಸರಿನಲ್ಲಿ ದೊಡ್ಡ ಮೊತ್ತ ಸುರಿಯಬೇಕಾಗಿ ಬಂದದ್ದು ಹೀಗೇ. ಮಾಳಿಗೆ ಸೋರುತ್ತಿರುವಾಗ ಹೊಸ ಕೋಣೆ ಕಟ್ಟುವ ಯಜಮಾನನನ್ನು ಯಾವ ಮನೆಯೂ ಮಿತವ್ಯಯಿ ಎನ್ನುವುದಿಲ್ಲ. ಕೃಷ್ಣಾ ಭಾಗ್ಯ ಜಲ ನಿಗಮ, ನೀರಾವರಿ ನಿಗಮಗಳಂಥ ಸಂಸ್ಥೆಗಳ ಹೆಸರಿನಲ್ಲಿ ಬಜೆಟ್‌ನ ಹೊರಗೆ ಸಾಲ ಎತ್ತುವ ಪರಿಪಾಟವೂ 1990ರ ದಶಕದಿಂದ ಬಂದಿದೆ. ತೀರಿಸುವುದು ಸರ್ಕಾರವೇ. ಮನೆಯಲ್ಲಿ ಹೆಂಡತಿಗೆ ಹೇಳದೆ ತಮ್ಮನ ಹೆಸರಲ್ಲಿ ಮಾಡಿದ ಸಾಲವೂ ಮನೆಯ ಸಾಲವೇ ಆಗಿರುತ್ತದೆ.

ಎಲ್ಲ ವಾದಗಳನ್ನೂ ನೋಡಿದ ಮೇಲೆ ನನ್ನ ತೀರ್ಪು ಹೀಗಿದೆ. ಸಾಲದ ಗಾತ್ರದ ಬಗ್ಗೆ ಮನೆ ಸರ್ಕಾರಕ್ಕೆ ಹೆಚ್ಚೇನೂ ಕಲಿಸಲಾರದು, ಅಲ್ಲಿ ಅರ್ಥಶಾಸ್ತ್ರಜ್ಞರ ಮಾತೇ ಸರಿ. ಸಾಲ ಯಾತಕ್ಕೆ, ಅದರಿಂದ ಬರಬೇಕಾದದ್ದು ಬಂತೇ, ತೀರಿಸುವವರಿಗೆ ಅದು ಗೊತ್ತಿದೆಯೇ ಎಂಬ ವಿಷಯದಲ್ಲಿ ಮನೆ ಬಹಳ ಕಲಿಸಬಲ್ಲದು. ಕಣಗಿನಹಾಳದ ಸಂಘಕ್ಕೆ ಅದು ಗೊತ್ತಿತ್ತು. 1980ರ ಸರ್ಕಾರಕ್ಕೆ ಗೊತ್ತಿರಲಿಲ್ಲ.

2002ರ ಕಾಯ್ದೆಯಂತೆ ಪ್ರತಿ ವರ್ಷ ಬಜೆಟ್ ಜೊತೆ ಮಧ್ಯಮಾವಧಿ ವಿತ್ತೀಯ ಯೋಜನೆ ಎಂಬ ದಾಖಲೆಯನ್ನು ಸದನದ ಮುಂದೆ ಇಡುತ್ತಾರೆ. ಅದರಲ್ಲಿ ಶೇಕಡಾವಾರು ಅಂಕಿಗಳಿವೆ. ಮಲಪ್ರಭೆಗೆ ಇದುವರೆಗೆ ಎಷ್ಟು ಹಾಕಿದೆವು, ಅದರಲ್ಲಿ ಸಾಲವೆಷ್ಟು, ಎಷ್ಟು ಎಕರೆಗೆ ನಿಜವಾಗಿ ನೀರು ಹರಿಯಿತು ಎಂದು ನರಗುಂದದ ಒಬ್ಬ ರೈತ ಓದಿ ತಿಳಿಯುವಂಥ ಲೆಕ್ಕ ಅದರಲ್ಲಿಲ್ಲ. ದೊಡ್ಡ ಯೋಜನೆಗಳಿಗೆ ಒಂದೊಂದಕ್ಕೂ ಅಂಥ ಒಂದು ಪುಟದ ಲೆಕ್ಕವನ್ನು ಕನ್ನಡದಲ್ಲಿ ಅಚ್ಚು ಹಾಕಿ, ಆಯಾ ಅಚ್ಚುಕಟ್ಟು ಪ್ರದೇಶದ ಗ್ರಾಮ ಪಂಚಾಯಿತಿಗಳ ಗೋಡೆಗೆ ಹಚ್ಚಬೇಕು. ಮುಂದಿನ ಜುಲೈ 21ರಂದು ವೀರಗಲ್ಲಿಗೆ ಹಾರ ಹಾಕಲು ಬರುವ ಮಂತ್ರಿಗಳನ್ನು ನರಗುಂದದವರು ಮೊದಲು ಈ ಪುಟ ಕೇಳಲಿ.